ರಾಜನ ಪೆಟ್ಟಿಗೆ ಮೊದಲು, ರಾಣಿಯದು ಆಮೇಲೆ

ಬೋರ್ಡ್ ಗೇಮ್ ಕೊಳ್ಳಲು ಹೊರಟವರು ನನ್ನನ್ನು ತಪ್ಪದೇ ಕೇಳುವ ಪ್ರಶ್ನೆ ಇದು: ‘ಕಿಂಗ್‌ಡೊಮಿನೊ ತಗೊಳ್ಳೋದಾ, ಕ್ವೀನ್‌ಡೊಮಿನೊ ತಗೊಳ್ಳೋದಾ?’ ಎರಡನ್ನೂ ರೂಪಿಸಿದವರು ಫ್ರಾನ್ಸಿನ ಬ್ರೂನೊ ಕಥಾಲಾ, ಪ್ರಕಟಿಸಿದ್ದು ಬ್ಲೂ ಆರೆಂಜ್. ಎರಡರಲ್ಲೂ ಕೋಟೆ, ಹೊಲ, ಕಾಡು, ಅದೇ ಮಧ್ಯಯುಗದ ಯುರೋಪಿನ ವೇಷ. ಮೊದಲನೆಯದು 2016ರಲ್ಲಿ ಬಂತು. ಮರುವರ್ಷವೇ ‘ವರ್ಷದ ಆಟ’ಕ್ಕೆ ಜರ್ಮನಿಯಲ್ಲಿ ಕೊಡುವ ಶ್ಪೀಲ್ ದೆಸ್ ಯಾರೆಸ್ ಪ್ರಶಸ್ತಿ ಗೆದ್ದಿತು. ಅದರ ಬೆನ್ನಿಗೇ 2017ರಲ್ಲಿ ಎರಡನೆಯದು ಬಂತು. ಪೆಟ್ಟಿಗೆ ಸ್ವಲ್ಪ ದೊಡ್ಡದು, ಒಳಗಿನ ಸಾಮಾನು ಬಹಳ ಹೆಚ್ಚು. ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ದುಡ್ಡಿಗೆ ಹೆಚ್ಚು ಬೆಲೆ ಎರಡನೆಯದರಲ್ಲೇ ಇದೆ ಅನಿಸುವುದು ಸಹಜ.

ಮೈಸೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುವುದು ನನ್ನ ಕೆಲಸ. ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ ನಮ್ಮ ಡೈನಿಂಗ್ ಟೇಬಲ್ ಆಟದ ಟೇಬಲ್ ಆಗುತ್ತದೆ. ಅಮ್ಮ, ಅಣ್ಣನ ಮಗಳು, ಎದುರುಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು, ಅವರ ಹೆಂಡತಿ, ಆಗಾಗ ನನ್ನ ಹಳೆಯ ವಿದ್ಯಾರ್ಥಿಗಳು ಸೇರುತ್ತಾರೆ. ವರ್ಷಗಟ್ಟಲೆ ಎರಡೂ ಪೆಟ್ಟಿಗೆಗಳು ಈ ಟೇಬಲ್ ಮೇಲೆ ತೆರೆದುಕೊಂಡಿವೆ. ಆ ಪ್ರಶ್ನೆಗೆ ನನ್ನ ಬಳಿ ಇರುವುದು ಪಕ್ಷಪಾತದ ಉತ್ತರ. ಅದನ್ನು ಮುಚ್ಚಿಡುವುದಿಲ್ಲ.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಪ್ರತಿ ಡೊಮಿನೊ ಬಿಲ್ಲೆಯಲ್ಲಿ ಎರಡು ಚೌಕ, ಚೌಕಕ್ಕೊಂದು ಬಗೆಯ ನೆಲ: ಗೋಧಿ ಹೊಲ, ಕಾಡು, ಕೆರೆ, ಹುಲ್ಲುಗಾವಲು, ಜೌಗು, ಗಣಿ. ಕೆಲವು ಚೌಕಗಳ ಮೇಲೆ ಕಿರೀಟ ಇರುತ್ತದೆ. ನಿಮ್ಮ ಪುಟ್ಟ ಕೋಟೆಯ ಸುತ್ತ ಬಿಲ್ಲೆ ಜೋಡಿಸುತ್ತಾ 5×5 ಚೌಕಟ್ಟಿನೊಳಗೆ ರಾಜ್ಯ ಕಟ್ಟಬೇಕು. ಹೊಸ ಬಿಲ್ಲೆಯ ಒಂದು ಚೌಕವಾದರೂ ತನ್ನಂಥದೇ ನೆಲಕ್ಕೋ ಕೋಟೆಗೋ ತಾಗಿರಬೇಕು. ತಾಗಿಸಲು ಜಾಗವಿಲ್ಲದಿದ್ದರೆ ಬಿಲ್ಲೆ ಹೊರಗೆ. ಕೊನೆಗೆ, ಒಂದೇ ಬಗೆಯ ನೆಲ ಎಷ್ಟು ಚೌಕ ಕೂಡಿಕೊಂಡಿದೆ ಎಂದು ಎಣಿಸಿ, ಅದರೊಳಗಿನ ಕಿರೀಟಗಳಿಂದ ಗುಣಿಸಿದರೆ ಅಂಕ ಸಿಗುತ್ತದೆ. ಕಿರೀಟ ಇಲ್ಲವೋ, ಸೊನ್ನೆ. ಕ್ವೀನ್‌ಡೊಮಿನೊದಲ್ಲಿ ಇಷ್ಟೂ ಇದೆ. ಮೇಲಿಂದ ಪಟ್ಟಣದ ಕೆಂಪು ಚೌಕ, ನಾಣ್ಯ, ನೈಟ್, ಗೋಪುರ, ಕೊಳ್ಳಲು ಕಟ್ಟಡಗಳು, ಒಬ್ಬ ರಾಣಿ, ಒಂದು ಡ್ರ್ಯಾಗನ್.

1. ಮೊದಲ ಪೆಟ್ಟಿಗೆಯಲ್ಲಿ ದುಡ್ಡಿಲ್ಲ, ಆದರೆ ಬೆಲೆ ಇದೆ

ಕಿಂಗ್‌ಡೊಮಿನೊದ 48 ಬಿಲ್ಲೆಗಳ ಬೆನ್ನಿಗೆ 1ರಿಂದ 48ರವರೆಗೆ ಸಂಖ್ಯೆ ಇದೆ. ಸಂಖ್ಯೆ ಏರಿದಷ್ಟೂ ಬಿಲ್ಲೆ ಬೆಲೆಬಾಳುತ್ತದೆ. ನಾಲ್ವರು ಕೂತಾಗ ಸುತ್ತಿಗೆ ನಾಲ್ಕು ಬಿಲ್ಲೆಗಳನ್ನು ಸಂಖ್ಯೆಯ ಏರಿಕೆಯಲ್ಲಿ ಸಾಲಾಗಿಟ್ಟು ಮಗುಚುತ್ತೇವೆ. ಬೇಕಾದ ಬಿಲ್ಲೆಯ ಮೇಲೆ ನಿಮ್ಮ ರಾಜನನ್ನು ನಿಲ್ಲಿಸುತ್ತೀರಿ. ಮುಂದಿನ ಸುತ್ತಿನ ಸರದಿ ಈ ಸಾಲಿನ ಕ್ರಮದಲ್ಲೇ ಬರುತ್ತದೆ: ಕಡಿಮೆ ಸಂಖ್ಯೆ ಹಿಡಿದವರು ಮೊದಲು ಆರಿಸುತ್ತಾರೆ, ದೊಡ್ಡ ಸಂಖ್ಯೆ ಹಿಡಿದವರು ಕಡೆಗೆ.

ಈ ಒಂದು ನಿಯಮದ ಮೇಲೆ ಇಡೀ ಆಟ ನಿಂತಿದೆ. ನಮ್ಮ ಟೇಬಲ್ ಮೇಲೆ ನಡೆದದ್ದನ್ನೇ ಹೇಳುತ್ತೇನೆ. ಸಾಲಿನಲ್ಲಿ 5, 18, 33, 47 ಬಂದಿದ್ದವು. 5ರಲ್ಲಿ ಎರಡೂ ಕಡೆ ಬರೀ ಕಾಡು. 18ರಲ್ಲಿ ಕಾಡು, ಹುಲ್ಲು, ಕಿರೀಟದ ಸುಳಿವಿಲ್ಲ. 33ರಲ್ಲಿ ಕಿರೀಟವಿರುವ ಕೆರೆ. 47ರಲ್ಲಿ ಜೌಗಿನ ಪಕ್ಕ ಎರಡು ಕಿರೀಟದ ಗಣಿ. ಮೊದಲ ಸರದಿ ಮ್ಯಾನೇಜರದು. ಗಣಿ ಕಂಡ ಮೇಲೆ ಅವರ ಕೈ ಬೇರೆ ಕಡೆ ಹೋಗಲೇ ಇಲ್ಲ. ಎರಡನೆಯ ಸರದಿ ಅಣ್ಣನ ಮಗಳದು. ಅವಳು 33ನ್ನು ಬಿಟ್ಟು 5ರ ಮೇಲೆ ರಾಜನನ್ನಿಟ್ಟಳು. ‘ಕಾಡು ತಗೊಂಡು ಏನು ಮಾಡ್ತೀಯಮ್ಮಾ?’ ಎಂದು ಅವರು ನಕ್ಕರು. ‘ನೋಡ್ತಾ ಇರಿ ಅಂಕಲ್’ ಅಂದಳು. ಅಮ್ಮ 18 ಹಿಡಿದರು, 33 ನನಗೆ ಉಳಿಯಿತು. ಮುಂದಿನ ಸಾಲು ತೆರೆದರೆ 24, 31, 41, 44. ಅಣ್ಣನ ಮಗಳು 44 ಎತ್ತಿಕೊಂಡಳು, ಎರಡು ಕಿರೀಟದ ಜೌಗು. ಅಮ್ಮನಿಗೆ 41ರ ಎರಡು ಕಿರೀಟದ ಹುಲ್ಲುಗಾವಲು. ನನಗೆ 31. ಮ್ಯಾನೇಜರ ಪಾಲಿಗೆ 24. ಅವರ ರಾಜ್ಯದಲ್ಲಿ ಆ ಕಾಡಿಗೆ ಜಾಗವೇ ಇರಲಿಲ್ಲ.

ಹಾಗೆಂದು ಅವರ ಆಯ್ಕೆ ತಪ್ಪೇನಲ್ಲ. ಗಣಿಗೆ ಅವರು ಬೆಲೆ ಕೊಟ್ಟರು, ಅಷ್ಟೇ. ಅದೂ ಅಲ್ಲದೆ 24 ಆ ಸಾಲಿನ ಅತಿ ಚಿಕ್ಕ ಸಂಖ್ಯೆ, ಹಾಗಾಗಿ ಮರುಸುತ್ತಿಗೆ ಅವರೇ ಮೊದಲಾದರು. ಕಡೆಯವರ ಪಾಲಿಗೆ ಉಳಿಯುವುದು ಬಹಳ ಸಲ ಸಾಲಿನ ತಲೆಯ ಬಿಲ್ಲೆ. ಕೆಳಗೆ ಬಿದ್ದವರನ್ನು ಆಟವೇ ಮೇಲೆತ್ತುತ್ತದೆ. ಅದಕ್ಕೆಂದು ಬೇರೆ ನಿಯಮ ಬರೆದಿಲ್ಲ. ಇಷ್ಟು ಸಣ್ಣ ಪೆಟ್ಟಿಗೆಯಲ್ಲಿ ಇಷ್ಟು ಅಚ್ಚುಕಟ್ಟು ಕೆಲಸವನ್ನು ನಾನು ಕಂಡದ್ದು ಕಡಿಮೆ.

ಹೊಸಬರಿಗೆ ನಾನು ಹೇಳುವುದು ಒಂದೇ. ಸಾಲು ತೆರೆದ ಕೂಡಲೇ ‘ನನಗೆ ಯಾವುದು ಬೇಕು’ ಎಂದು ನೋಡಬೇಡಿ. ‘ಮೇಲಿನ ಎರಡರಲ್ಲಿ ಯಾವುದನ್ನಾದರೂ ನನ್ನ ರಾಜ್ಯ ಸಹಿಸಿಕೊಂಡೀತೇ’ ಎಂದು ಮೊದಲು ನೋಡಿ.

2. ಒಂದು ಕಿರೀಟ ಎಷ್ಟು ಬಾಳುತ್ತದೆ ಎಂಬುದನ್ನು ನೆಲ ಹೇಳುತ್ತದೆ

ಗಣಿತದ ಮೇಡಂ ಆದ್ದರಿಂದ ಇಲ್ಲಿ ನನಗೆ ಮಾತು ಜಾಸ್ತಿ. ಆರು ಚೌಕದ ಕಾಡಿನಲ್ಲಿ ಎರಡು ಕಿರೀಟ ಇದ್ದರೆ 12 ಅಂಕ. ಅದಕ್ಕೆ ಬೋಳು ಕಾಡಿನ ಒಂದು ಚೌಕ ಸೇರಿಸಿದರೆ 7×2, ಅಂದರೆ 14. ಕಿರೀಟವಿರುವ ಕಾಡು ಸೇರಿಸಿದರೆ 7×3, ಅಂದರೆ 21. ಎರಡು ಅಂಕ ಎಲ್ಲಿ, ಒಂಬತ್ತು ಎಲ್ಲಿ! ಕಿರೀಟದ ಚೌಕಕ್ಕೆ ಸ್ವಂತ ಬೆಲೆ ಅಂತಿಲ್ಲ. ಅದು ಹೋಗಿ ಸೇರುವ ನೆಲದಿಂದ ಬೆಲೆ ಬರುತ್ತದೆ. ಹೊಸಬರು ಕಿರೀಟ ಕಂಡಲ್ಲೆಲ್ಲ ಬಾಚಿಕೊಂಡು ಆರೂ ಬಗೆಯ ನೆಲದಲ್ಲಿ ಚೂರುಚೂರು ಹರಡಿಬಿಡುತ್ತಾರೆ. ಕಿರೀಟ ಹತ್ತಿರ ಹತ್ತಿರ ಹತ್ತು ಇರುತ್ತವೆ, ಅಂಕ ಮಾತ್ರ ಇಪ್ಪತ್ತರ ಆಸುಪಾಸು.

ಇನ್ನೊಂದು ಲೆಕ್ಕವನ್ನು ಮಕ್ಕಳು ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ. ಒಂದು ಕಡೆ ನಾಲ್ಕು ಚೌಕದ ಕೆರೆಯಲ್ಲಿ ಒಂದು ಕಿರೀಟ, ಇನ್ನೊಂದು ಕಡೆ ಮೂರು ಚೌಕದ ಕೆರೆಯಲ್ಲಿ ಎರಡು ಕಿರೀಟ. ಬೇರೆ ಬೇರೆಯಾಗಿದ್ದರೆ 4, 6, ಒಟ್ಟು 10. ನಡುವೆ ಒಂದೇ ಒಂದು ಬೋಳು ಕೆರೆ ಬಿದ್ದು ಎರಡೂ ಕೂಡಿದರೆ 8×3, 24. ಆ ಬೋಳು ಚೌಕ ಯಾರ ಕಣ್ಣಿಗೂ ಬೀಳದ ಚಿಕ್ಕ ನಂಬರಿನ ಬಿಲ್ಲೆಯಲ್ಲಿರುತ್ತದೆ. ಅದನ್ನು ಹಿಡಿದವರಿಗೆ ಮರುಸುತ್ತಿನ ಮೊದಲ ಸರದಿ ಪುಕ್ಕಟೆ.

ಮಗ್ಗಿ ಬಾಯಿಪಾಠ ಮಾಡಲು ಮೊಂಡು ಹಿಡಿಯುವ ಮಕ್ಕಳು ಇಲ್ಲಿ ಏಳು ಮೂರಲಿ ಇಪ್ಪತ್ತೊಂದನ್ನು ಯಾರೂ ಕೇಳದೆಯೇ ಹೇಳುತ್ತಾರೆ. ಆದರೂ ಇದನ್ನು ‘ಶೈಕ್ಷಣಿಕ ಆಟ’ ಅಂತ ಕರೆಯಬೇಡಿ. ಕರೆದ ಕೂಡಲೇ ಮಕ್ಕಳು ಎದ್ದು ಹೋಗುತ್ತಾರೆ.

3. ಏನೇನು ಎಷ್ಟಿದೆ ಎಂದು ತಿಳಿದಿರಲಿ

48 ಬಿಲ್ಲೆ, 96 ಚೌಕ. ಅದರಲ್ಲಿ ಗೋಧಿ 26, ಕಾಡು 22, ಕೆರೆ 18, ಹುಲ್ಲುಗಾವಲು 14, ಜೌಗು 10, ಗಣಿ 6. ಕಿರೀಟದ ಹಂಚಿಕೆ ಇದಕ್ಕೆ ತಿರುಗುಮುರುಗು: ಗೋಧಿಯ 26 ಚೌಕಕ್ಕೆ ಬರೀ 5 ಕಿರೀಟ, ಗಣಿಯ 6 ಚೌಕಕ್ಕೆ 10. ಕಾಡಿಗೂ ಕೆರೆಗೂ ಆರಾರು, ಹುಲ್ಲಿಗೂ ಜೌಗಿಗೂ ಆರಾರು. ಮೊದಲ 18 ಬಿಲ್ಲೆಗಳಲ್ಲಿ ಕಿರೀಟ ಇಲ್ಲವೇ ಇಲ್ಲ. 19ರಿಂದ ಮುಂದೆ ಪ್ರತಿಯೊಂದರಲ್ಲೂ ಇದೆ. ಮೂರು ಕಿರೀಟದ ಚೌಕ ಇಡೀ ಪೆಟ್ಟಿಗೆಯಲ್ಲಿ ಒಂದೇ, 48ನೇ ಬಿಲ್ಲೆಯ ಗಣಿ.

ಇದನ್ನು ಬಾಯಿಪಾಠ ಮಾಡಬೇಕಿಲ್ಲ. ಆರು ಗಣಿ ಇವೆ, ಅದರಲ್ಲಿ ನಾಲ್ಕು ಆಗಲೇ ಬಂದುಹೋಗಿವೆ ಎಂಬಷ್ಟು ಎಚ್ಚರ ಸಾಕು. ಕೆರೆ ಮತ್ತು ಕಾಡನ್ನು ನಾನು ಸದಾ ಒಟ್ಟಿಗೇ ನೋಡುತ್ತೇನೆ. 32ರಿಂದ 35ರವರೆಗಿನ ನಾಲ್ಕು ಬಿಲ್ಲೆಗಳಲ್ಲೂ ಒಂದು ಕಡೆ ಕಿರೀಟದ ಕೆರೆ, ಇನ್ನೊಂದು ಕಡೆ ಕಾಡು. ಒಂದನ್ನು ಬೆಳೆಸಲು ಹೋದರೆ ಇನ್ನೊಂದು ತಾನಾಗಿ ಬೆಳೆಯುತ್ತದೆ. ಇಬ್ಬರು ಮೂವರು ಗಣಿಗಾಗಿ ಕಿತ್ತಾಡುತ್ತಿರುವಾಗ ಸದ್ದಿಲ್ಲದೆ ಗೆಲ್ಲುವ ದಾರಿ ಇದು.

5×5 ಕಟ್ಟುವಾಗ ಎಣಿಕೆ ಪೂರ್ತಿ ನಡೆಯುವುದು ನಾಲ್ವರ ಆಟದಲ್ಲಿ ಮಾತ್ರ, ಅದೂ ನೆನಪಿರಲಿ. ಮೂವರಿದ್ದರೆ 12 ಬಿಲ್ಲೆಗಳನ್ನು, ಇಬ್ಬರಿದ್ದರೆ 24ನ್ನು ಯಾರೂ ನೋಡದಂತೆ ಮೊದಲೇ ತೆಗೆದಿಡುತ್ತೇವೆ. ಆಗ 48ಕ್ಕಾಗಿ ಕಾಯುವುದು ಬರದ ಬಸ್ಸಿಗೆ ಕಾದ ಹಾಗೆ.

4. ಕೋಟೆಯನ್ನು ಮೂಲೆಯ ಪಕ್ಕಕ್ಕೆ ತಳ್ಳಬೇಡಿ

ಈ ಪಾಠ ನಿಯಮಪುಸ್ತಕದಲ್ಲಿಲ್ಲ. ಎರಡೂ ಪೆಟ್ಟಿಗೆಗೆ ಇದು ಅನ್ವಯ, ನನ್ನ ಮಟ್ಟಿಗೆ ಇಡೀ ಆಟದ ಅತಿ ಸೊಗಸಿನ ಭಾಗವೂ ಇದೇ.

ಆಟ ಶುರುವಾದಾಗ ಕೋಟೆ 5×5 ಚೌಕಟ್ಟಿನಲ್ಲಿ ಎಲ್ಲಿದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಬಿಲ್ಲೆಗಳು ಒಂದು ದಿಕ್ಕಿಗೆ ಐದು ಚೌಕ ಮುಟ್ಟಿದಾಗ ಅಂಚು ಗಟ್ಟಿಯಾಗುತ್ತದೆ, ಆಗ ಕೋಟೆಯ ಜಾಗವೂ ಗಟ್ಟಿಯಾಗುತ್ತದೆ. ಕೋಟೆಗೆ ಒಂದು ಚೌಕ, ಹನ್ನೆರಡು ಬಿಲ್ಲೆಗೆ 24 ಚೌಕ, ಒಟ್ಟು 25. ಒಂದೂ ಬಿಲ್ಲೆ ಹೊರಗೆ ಹಾಕದೆ ತುಂಬಿಸಿದರೆ ಐದು ಅಂಕದ ಬೋನಸ್, ಕೋಟೆ ನಟ್ಟನಡುವೆ ಬಂದರೆ ಹತ್ತು ಅಂಕದ್ದು. ಇವೆರಡೂ ಬೇಕಾದವರು ಸೇರಿಸಿಕೊಳ್ಳುವ ನಿಯಮಗಳು. ನಾವು ಸದಾ ಸೇರಿಸಿಕೊಂಡೇ ಆಡುತ್ತೇವೆ.

ಈಗ ಆ 25 ಮನೆಗಳಿಗೆ ಚದುರಂಗದ ಹಾಸಿನಂತೆ ಕಪ್ಪು ಬಿಳಿ ಬಣ್ಣ ಹಚ್ಚಿದ್ದೇವೆ ಅಂದುಕೊಳ್ಳಿ, ನಾಲ್ಕೂ ಮೂಲೆ ಕಪ್ಪು. ಕಪ್ಪು 13, ಬಿಳಿ 12 ಆಗುತ್ತದೆ. ಡೊಮಿನೊವನ್ನು ಅಡ್ಡ ಇಡಿ, ಉದ್ದ ಇಡಿ, ಅದು ಮುಚ್ಚುವುದು ಒಂದು ಕಪ್ಪು, ಒಂದು ಬಿಳಿ. ಹನ್ನೆರಡು ಬಿಲ್ಲೆ ಹಿಡಿಸಬೇಕಾದರೆ ಹನ್ನೆರಡು ಕಪ್ಪು, ಹನ್ನೆರಡು ಬಿಳಿ ಉಳಿದಿರಬೇಕು. ಅಂದರೆ ಕೋಟೆ ಕಪ್ಪು ಮನೆಯಲ್ಲೇ ಇರಬೇಕು. ಮೂಲೆ ಕಪ್ಪು, ಸರಿ. ನಟ್ಟನಡುವಿನ ಮನೆ ಕಪ್ಪು, ಸರಿ. ಅಂಚಿನ ಮಧ್ಯದ ಮನೆಯೂ ಸರಿ. ಮೂಲೆಗೆ ಅಂಟಿದ ಮನೆ ಬಿಳಿ. ಕೋಟೆ ಅಲ್ಲಿ ಕೂತರೆ ಉಳಿಯುವುದು 13 ಕಪ್ಪು, 11 ಬಿಳಿ. ಬ್ರಹ್ಮನೇ ಬಂದು ಜೋಡಿಸಿದರೂ ಹನ್ನೊಂದಕ್ಕಿಂತ ಹೆಚ್ಚು ಬಿಲ್ಲೆ ಹಿಡಿಸುವುದಿಲ್ಲ, ಎರಡು ಮನೆ ಖಾಲಿ. ನಡುಮನೆಗೆ ಅಂಟಿದ ನಾಲ್ಕು ಮನೆಗಳ ಕಥೆಯೂ ಇದೇ. ‘ನಡುವಿಗಿಂತ ಒಂದೇ ಮನೆ ಆಚೆ ಹೋಯ್ತು, ಪರವಾಗಿಲ್ಲ’ ಅಂದುಕೊಂಡರೆ ಹತ್ತರ ಜೊತೆಗೆ ಐದೂ ಹೋಗುತ್ತದೆ.

ಬೆಸ ಮನೆಯ ಮಣೆಯ ಮೇಲೆ ಚದುರಂಗದ ಕುದುರೆ ಎಲ್ಲ ಮನೆ ಸುತ್ತಿ ಹೊರಟಲ್ಲಿಗೇ ಮರಳುವುದು ಅಸಾಧ್ಯ ಎನ್ನುವುದಕ್ಕೂ ಇದೇ ಕಪ್ಪು ಬಿಳಿ ಲೆಕ್ಕವೇ ಕಾರಣ. ಕುದುರೆ ನಡೆಯ ಸಮಸ್ಯೆಗಳನ್ನು ಬಿಡಿಸುವುದರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಎಷ್ಟು ಆಸಕ್ತಿಯಿತ್ತು ಎಂಬುದು ನಮ್ಮೂರಿನವರಿಗೆ ಗೊತ್ತು. ಅವರು ಈ ಟೇಬಲ್‌ಗೆ ಬಂದಿದ್ದರೆ ಕೋಟೆ ಎಲ್ಲಿಡಬೇಕೆಂದು ನಾನು ಹೇಳಿಕೊಡಬೇಕಿರಲಿಲ್ಲ.

ಆಟದ ನಡುವೆ ಬಣ್ಣ ಎಣಿಸುತ್ತ ಕೂರುವುದು ಬೇಡ. ನಾಲ್ಕೈದು ಬಿಲ್ಲೆ ಇಟ್ಟ ಮೇಲೆ ಒಂದು ಸಲ ನೋಡಿ: ಯಾವ ಅಂಚು ಇನ್ನೂ ತೆರೆದಿದೆ, ಒಂದು ಮನೆ ಈಚೆಗೆ ಎಳೆದರೆ ಕೋಟೆ ಸರಿಯಾದ ಜಾಗಕ್ಕೆ ಬರುತ್ತದೆಯೇ ಎಂದು. ಆಮೇಲೆ ನೋಡಿದರೆ ಹೊತ್ತು ಮೀರಿರುತ್ತದೆ. ಹಾಗೆಯೇ ಸುತ್ತಲೂ ಮುಚ್ಚಿಹೋದ ಒಂಟಿ ಮನೆಯನ್ನು ಎಂದೂ ಬಿಡಬೇಡಿ, ಅದಕ್ಕೆ ಬಿಲ್ಲೆಯೇ ಇಲ್ಲ.

5. ಇಬ್ಬರೇ ಇದ್ದರೆ 7×7

ಇಬ್ಬರ ಆಟದಲ್ಲಿ ತಲಾ ಎರಡು ರಾಜರು. ಸಾಲಿನ ಮೇಲಿನ ಎರಡನ್ನೂ ನೀವೇ ಹಿಡಿದರೆ ಮುಂದಿನ ಸಾಲಿನಲ್ಲಿ ಮೊದಲೆರಡು ಆಯ್ಕೆಯೂ ನಿಮ್ಮದೇ. ಇದು ಗೊತ್ತಾದ ದಿನ ಆಟ ಹರಿತವಾಗುತ್ತದೆ. ಆದರೆ 5×5ರಲ್ಲಿ ಅರ್ಧ ಬಿಲ್ಲೆ ಹೊರಗಿರುವುದರಿಂದ ಅದೃಷ್ಟದ ಪಾಲು ಹೆಚ್ಚು. 48ನ್ನೂ ಬಳಸಿ, ತಲಾ 24 ಬಿಲ್ಲೆಗಳಿಂದ 7×7 ರಾಜ್ಯ ಕಟ್ಟುವ ಪದ್ಧತಿ ನಿಯಮಪುಸ್ತಕದಲ್ಲೇ ಇದೆ. ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ನಾನು ಕಣ್ಣುಮುಚ್ಚಿ ಹೇಳುವ ಆಟ ಇದು. ಎಲ್ಲ ಬಿಲ್ಲೆ ಬರುವುದು ಖಚಿತ, ಎಣಿಸಬಹುದು, ಎದುರಿನವರ ದಾರಿ ತಡೆಯಬಹುದು. ಕ್ವೀನ್‌ಡೊಮಿನೊ ಇಬ್ಬರಿಗೆ ಇಷ್ಟು ಬಿಗಿಯಾಗಿ ಕೂರುವುದಿಲ್ಲ.

6. ರಾಣಿಯ ಪೆಟ್ಟಿಗೆಯಲ್ಲಿ ಗೋಧಿಗೆ ಮರ್ಯಾದೆ

ಈಗ ಎರಡನೆಯದು. ಕ್ವೀನ್‌ಡೊಮಿನೊ ಹೊಸದಾಗಿ ಕೊಡುವ ವಸ್ತುಗಳಲ್ಲಿ ನಿಜಕ್ಕೂ ಆಟದ ಬುದ್ಧಿ ಬದಲಿಸುವುದು ನೈಟ್. ಶುರುವಿನಲ್ಲಿ ತಲಾ ಒಬ್ಬ ನೈಟ್, ಏಳು ನಾಣ್ಯ. ಬಿಲ್ಲೆ ಇಟ್ಟ ಮೇಲೆ, ಬೇಕೆಂದರೆ, ಆ ಬಿಲ್ಲೆಯ ಚೌಕದ ಮೇಲೆ ನೈಟನ್ನು ನಿಲ್ಲಿಸಿ ತೆರಿಗೆ ಎತ್ತಬಹುದು: ಆ ನೆಲ ಎಷ್ಟು ಚೌಕ ಹರಡಿದೆಯೋ ಅಷ್ಟು ನಾಣ್ಯ. ಕಿರೀಟ ಇದೆಯೋ ಇಲ್ಲವೋ ಯಾರೂ ಕೇಳುವುದಿಲ್ಲ.

ಮೊದಲ ಪೆಟ್ಟಿಗೆಯಲ್ಲಿ ಕಿರೀಟವಿಲ್ಲದ ಏಳು ಚೌಕದ ಗೋಧಿ ಹೊಲ ಶುದ್ಧ ಸೊನ್ನೆ. ಇಲ್ಲಿ ಅದು ಏಳು ನಾಣ್ಯ. ಆ ನಾಣ್ಯದಿಂದ ಕಟ್ಟಡ, ಕಟ್ಟಡದಿಂದ ಇನ್ನಷ್ಟು ನೈಟ್, ಗೋಪುರ, ಪಟ್ಟಣಕ್ಕೆ ಕಿರೀಟ ಅಥವಾ ಕೊನೆಗೆ ನೇರವಾಗಿ ಅಂಕ. ಕಿಂಗ್‌ಡೊಮಿನೊದಲ್ಲಿ ಪಳಗಿದವರು ಇಲ್ಲಿ ಮೊದಮೊದಲು ಸೋಲುವುದು ಇದಕ್ಕೇ. ಅವರ ಕಣ್ಣು ಕಿರೀಟ ಹುಡುಕುತ್ತಲೇ ಇರುತ್ತದೆ, ಬೋಳು ಹೊಲವನ್ನು ಪಕ್ಕದವರಿಗೆ ಬಿಟ್ಟುಕೊಡುತ್ತಾರೆ.

ನೈಟನ್ನು ಯಾವಾಗ ಇಳಿಸಬೇಕು? ಒಮ್ಮೆ ಇಳಿದ ನೈಟ್ ಆಟ ಮುಗಿಯುವವರೆಗೆ ಅಲ್ಲೇ. ಬೇಗ ಇಳಿಸಿದರೆ ಹೊಲ ಚಿಕ್ಕದು, ಮೂರು ನಾಣ್ಯಕ್ಕೆ ತೃಪ್ತಿಪಡಬೇಕು. ತಡಮಾಡಿದರೆ ಹೊಲ ದೊಡ್ಡದು, ಆದರೆ ಬಂದ ದುಡ್ಡು ಖರ್ಚು ಮಾಡಲು ಸುತ್ತು ಉಳಿದಿರುವುದಿಲ್ಲ. ಆಟದ ಕೊನೆಗೆ ಕೈಯಲ್ಲಿರುವ ಮೂರು ನಾಣ್ಯಕ್ಕೆ ಒಂದೇ ಅಂಕ, ಅಷ್ಟು ಅಗ್ಗ. ಆಟದ ಅರ್ಧ ದಾಟುವ ಹೊತ್ತಿಗೆ ಒಂದು ದೊಡ್ಡ ವಸೂಲಿ ಮುಗಿದಿರಬೇಕು ಎನ್ನುವುದು ನನ್ನ ಲೆಕ್ಕ. ಮ್ಯಾನೇಜರು ಒಪ್ಪುವುದಿಲ್ಲ. ಬ್ಯಾಂಕಿನವರಲ್ಲವೇ, ಉಳಿತಾಯ ಬಿಡಲಾರರು.

ಕಟ್ಟಡ ಕೊಂಡರೆ ಸಾಲದು, ಇಡಲು ಪಟ್ಟಣದ ಕೆಂಪು ಚೌಕ ಬೇಕು. ದುಡ್ಡಿದೆ, ಜಾಗವಿಲ್ಲ ಎಂಬ ಸ್ಥಿತಿ ಇಲ್ಲಿ ಬಹಳ ಮಾಮೂಲು. ಪಟ್ಟಣದ ಚೌಕಗಳನ್ನು ಒತ್ತೊತ್ತಾಗಿ ಕೂಡಿಸಿಡಿ. ಅವಕ್ಕೂ ಚೌಕ ಗುಣಿಸು ಕಿರೀಟ ಎಂಬ ನಿಯಮವೇ. ಕಿರೀಟವಿರುವ ಎರಡು ಕಟ್ಟಡ ಆರು ಚೌಕದ ಪಟ್ಟಣದಲ್ಲಿ ಕೂತರೆ 12 ಅಂಕ. ಮೂರು ಮೂರು ಚೌಕದ ಎರಡು ಪಟ್ಟಣಗಳಲ್ಲಿ ಒಂದೊಂದು ಕೂತರೆ ಒಟ್ಟು 6.

7. ಚಿಕ್ಕ ಸಂಖ್ಯೆಗೆ ಇಲ್ಲಿ ಎರಡು ಲಾಭ, ಅಲ್ಲೇ ಆಟ ಮಸುಕು

ಸರದಿಯ ನಿಯಮ ಎರಡನೆಯ ಪೆಟ್ಟಿಗೆಯಲ್ಲೂ ಹಾಗೇ ಇದೆ. ಆದರೆ ಮೊದಲು ಆಡುವವರಿಗೆ ಮುಂದಿನ ಬಿಲ್ಲೆಯ ಆಯ್ಕೆಯ ಜೊತೆಗೆ ಕಟ್ಟಡಗಳ ಸಾಲಿನಲ್ಲೂ ಮೊದಲ ಆಯ್ಕೆ. ಕೊಳ್ಳದೆ ಉಳಿದ ಕಟ್ಟಡಗಳು ಅಗ್ಗದ ಕಡೆಗೆ ಜರುಗುತ್ತ ಹೋಗುತ್ತವೆ. ಹಾಗಾಗಿ ‘ಈ ಸಲ ಬೇಡ, ಮುಂದಿನ ಸಲ ಕಡಿಮೆ ಬೆಲೆಗೆ ಸಿಗಲಿ’ ಎಂದು ಕಾಯುವವರು ಸರದಿಯನ್ನೂ ಲೆಕ್ಕ ಹಾಕಬೇಕು.

ಕೇಳಲು ಚೆನ್ನಾಗಿದೆ. ಆಡುವಾಗ ನನಗೆ ಆಗುವುದು ಬೇರೆ. ಕಿಂಗ್‌ಡೊಮಿನೊದಲ್ಲಿ ಬಿಲ್ಲೆಯ ಬೆಲೆ ಸರದಿ, ಸರದಿಯ ಬೆಲೆ ಬಿಲ್ಲೆ. ತಕ್ಕಡಿಯಲ್ಲಿ ಇರುವುದು ಎರಡೇ, ಹತ್ತು ವರ್ಷದ ಮಗುವೂ ತೂಗಬಲ್ಲದು. ಕ್ವೀನ್‌ಡೊಮಿನೊದಲ್ಲಿ ಅದೇ ತಕ್ಕಡಿಗೆ ನಾಣ್ಯ, ಕಟ್ಟಡ, ಗೋಪುರ, ರಾಣಿ ಎಲ್ಲ ಬಂದು ಕೂರುತ್ತವೆ. ತಪ್ಪು ಬಿಲ್ಲೆ ಹಿಡಿದರೂ ನೋವು ಕಡಿಮೆ, ಬೇರೆ ದಾರಿಯಿಂದ ಅಂಕ ಬರುತ್ತದೆ. ನೋವು ಕಡಿಮೆಯಾದದ್ದು ಕೆಲವರಿಗೆ ಗುಣ. ನನಗೆ ಕೊರತೆ. ಮೊದಲ ಆಟದಲ್ಲಿ ಸೋತಾಗ ಯಾವ ಸುತ್ತಿನಲ್ಲಿ ಸೋತೆನೆಂದು ಬೆರಳಿಟ್ಟು ತೋರಿಸಬಹುದು, ಎರಡನೆಯದರಲ್ಲಿ ಹಾಗೆ ತೋರಿಸುವುದು ಕಷ್ಟ.

8. ಡ್ರ್ಯಾಗನ್ ಇರುವುದು ಮುಖ ನೋಡಿ ಆಡುವವರಿಗೆ

ಒಂದು ನಾಣ್ಯ ಕೊಟ್ಟರೆ ಡ್ರ್ಯಾಗನ್ ಬಂದು ಮಾರಾಟಕ್ಕಿಟ್ಟ ಒಂದು ಕಟ್ಟಡವನ್ನು ಸುಡುತ್ತದೆ. ಸುತ್ತಿಗೆ ಒಂದೇ ಸಲ. ಕಟ್ಟಿದ ಮನೆಗೆ ಬೆಂಕಿಯಿಲ್ಲ, ಕೊಳ್ಳದ ಮನೆಗೆ ಮಾತ್ರ. ಹಾಗಾಗಿ ಯಾರ ಗಂಟೂ ಹೋಗುವುದಿಲ್ಲ, ಆಸೆ ಮಾತ್ರ ಸುಡುತ್ತದೆ.

ಲೆಕ್ಕದ ಪ್ರಕಾರ ಡ್ರ್ಯಾಗನ್‌ಗೆ ಕೊಡುವ ನಾಣ್ಯ ಬಹಳ ಸಲ ದಂಡ. ಆದರೆ ನಮ್ಮ ಟೇಬಲ್ ಮೇಲೆ ಅತಿ ಹೆಚ್ಚು ಗಲಾಟೆ ಎಬ್ಬಿಸುವುದು ಅದೇ. ಅಮ್ಮನಿಗೆ ಕಟ್ಟಡಗಳ ಚಿಹ್ನೆಗಳೆಲ್ಲ ನೆನಪಿರುವುದಿಲ್ಲ. ಅವರು ನೋಡುವುದು ಜನರ ಕಣ್ಣು. ಮೊಮ್ಮಗಳು ಯಾವ ಕಟ್ಟಡವನ್ನು ಎರಡು ಸಲ ನೋಡಿದಳೋ ಅದಕ್ಕೆ ಬೆಂಕಿ. ‘ಅಜ್ಜೀ, ಅದು ನಿಮಗೇನೂ ಉಪಯೋಗಕ್ಕೆ ಬರ್ತಿರ್ಲಿಲ್ಲ!’ ‘ನಿಂಗೆ ಬರ್ತಿತ್ತಲ್ಲ, ಅದಕ್ಕೇ.’ ಕಿಂಗ್‌ಡೊಮಿನೊದಲ್ಲಿ ಇಷ್ಟು ಬಾಯಿಮಾತಿನ ಸುಖ ಇಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಅಲ್ಲಿ ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ಹೊಲ ನೋಡಿಕೊಳ್ಳುತ್ತಾರೆ.

9. ರಾಣಿಯ ಹಿಂದೆ ಇಬ್ಬರು ಓಡುತ್ತಿದ್ದರೆ ನೀವು ಮೂರನೆಯವರಾಗಬೇಡಿ

ಹೆಚ್ಚು ಗೋಪುರ ಇದ್ದವರ ಕಡೆಗೆ ರಾಣಿ. ಅವಳಿದ್ದರೆ ಕಟ್ಟಡಕ್ಕೆ ಒಂದು ನಾಣ್ಯ ರಿಯಾಯಿತಿ, ಆಟದ ಕೊನೆಗೆ ಅವಳೇ ಒಂದು ಕಿರೀಟ. ದೊಡ್ಡ ನೆಲವಿದ್ದವರಿಗೆ ಆ ಕಿರೀಟ ಏಳೆಂಟು ಅಂಕ ತರಬಹುದು. ಗೋಪುರಕ್ಕಾಗಿ ಇಬ್ಬರು ಪೈಪೋಟಿಗಿಳಿದರೆ ಇಬ್ಬರ ದುಡ್ಡೂ ಅಲ್ಲೇ ಖರ್ಚಾಗುತ್ತದೆ. ಸುಮ್ಮನೆ ಕಾಡು ಬೆಳೆಸಿದವರು ಗೆದ್ದು ಎದ್ದು ಹೋಗುತ್ತಾರೆ.

10. ಪೆಟ್ಟಿಗೆಯ ಮೇಲಿನ ಸಮಯ ನಂಬಬೇಡಿ

ಕಿಂಗ್‌ಡೊಮಿನೊ 15 ನಿಮಿಷ ಎಂದಿದೆ. ಆಟ ತಿಳಿದವರು ಕೂತರೆ ಅದು ನಿಜ. ಒಂದು ಮುಗಿದ ಕೂಡಲೇ ‘ಇನ್ನೊಂದು’ ಎನ್ನುವ ಆಟ. ಕ್ವೀನ್‌ಡೊಮಿನೊಗೆ 25 ಎಂದಿದೆ. ನಮ್ಮಲ್ಲಿ ನಾಲ್ವರು ಕೂತು ಅಷ್ಟರಲ್ಲಿ ಮುಗಿಸಿದ ನೆನಪಿಲ್ಲ. ಪ್ರತಿ ಸರದಿಯಲ್ಲೂ ಬಿಲ್ಲೆ ಇಡು, ತೆರಿಗೆ ಎತ್ತು, ಕಟ್ಟಡ ಕೊಳ್ಳು, ಡ್ರ್ಯಾಗನ್ ಕರೆ, ಮುಂದಿನ ಬಿಲ್ಲೆ ಆರಿಸು. ಒಂದೊಂದೂ ಚಿಕ್ಕದು, ಕೂಡಿದರೆ ಪಕ್ಕದವರು ಎದ್ದು ಕಾಫಿಗೆ ಹಾಲಿಡುವಷ್ಟು ಹೊತ್ತು.

ಎರಡೂ ಪೆಟ್ಟಿಗೆಯ ಬಿಲ್ಲೆಗಳಲ್ಲಿ ಓದುವ ಅಕ್ಷರವಿಲ್ಲ, ಚಿತ್ರವೇ ಎಲ್ಲ. ಇಂಗ್ಲಿಷ್ ಬಾರದ ಹಿರಿಯರನ್ನು ಆಟಕ್ಕೆ ಕೂರಿಸಲು ಇದು ದೊಡ್ಡ ಅನುಕೂಲ. ಆದರೆ ಕಟ್ಟಡಗಳ ಚಿಹ್ನೆ ಕಲಿಯುವುದು ಹೊಸ ಲಿಪಿ ಕಲಿತಂತೆಯೇ. ನಾನು ಅವುಗಳ ಅರ್ಥವನ್ನು ಕನ್ನಡದಲ್ಲಿ ಬರೆದು, ಒಬ್ಬೊಬ್ಬರ ಎದುರಿಗೂ ಒಂದೊಂದು ಹಾಳೆ ಇಡುತ್ತೇನೆ. ಅದಾದ ಮೇಲೆ ‘ಇದೇನು, ಅದೇನು’ ನಿಂತಿತು.

11. ಮಧ್ಯಯುಗವನ್ನು ಬಹಳ ಮನಸ್ಸಿಗೆ ಹಚ್ಚಿಕೊಳ್ಳಬೇಡಿ

ಇತಿಹಾಸ ಓದುವ ಮಕ್ಕಳಿಗೆ ಇದು ಊಳಿಗಮಾನ್ಯ ಯುರೋಪಿನ ಪಾಠವಾದೀತು ಎಂದು ಕೊಳ್ಳುವವರಿದ್ದಾರೆ. ಆಗುವುದಿಲ್ಲ. ಡೊಮಿನೊ ಆಟವೇ ಮೂಲತಃ ಚೀನಾದ್ದು, ಇಟಲಿಯಲ್ಲಿ ಅದು ಕಾಣಿಸಿಕೊಂಡಿದ್ದು 18ನೇ ಶತಮಾನದಲ್ಲಿ. ಕೋಟೆಗಳ ಕಾಲ ಆಗಲೇ ಮುಗಿದಿತ್ತು. ಜೌಗು ನೆಲ ಗೋಧಿ ಹೊಲಕ್ಕಿಂತ ಬೆಲೆಬಾಳುವ ರಾಜ್ಯವನ್ನು ಯಾವ ರೈತನೂ ಕಂಡಿರಲಾರ. ಚಿತ್ರಕಾರ ಸಿರಿಲ್ ಬೂಕೆ ಮಾತ್ರ ಬಿಲ್ಲೆಗಳಲ್ಲಿ ಬೇಕಾದಷ್ಟು ತುಂಟತನ ಅಡಗಿಸಿದ್ದಾರೆ. ಕೆರೆಯ ಚೌಕಗಳನ್ನು ಹತ್ತಿರದಿಂದ ನೋಡುವ ಕೆಲಸ ಚಿಕ್ಕ ಮಕ್ಕಳಿಗೆ ಕೊಡಿ, ದೊಡ್ಡವರು ಯೋಚಿಸುವಷ್ಟು ಹೊತ್ತು ಅವರು ಸುಮ್ಮನಿರುತ್ತಾರೆ.

12. ಕೊಳ್ಳುವ ಕ್ರಮ

ಒಂದೇ ಕೊಳ್ಳುವುದಾದರೆ ಕಿಂಗ್‌ಡೊಮಿನೊ. ಮನೆಯಲ್ಲಿ ಎಂಟು ವರ್ಷದವರು, ಎಪ್ಪತ್ತು ದಾಟಿದವರು, ‘ನಂಗೆ ಆಟ ಗೀಟ ಬರಲ್ಲ’ ಎನ್ನುವವರು ಇದ್ದರೆ ಯೋಚನೆಯೇ ಬೇಡ. ಅದನ್ನು ಮನದಣಿಯೆ ಆಡಿ, ಸಾಲು ತೆರೆದ ಕ್ಷಣದಲ್ಲೇ ಯಾರು ಯಾವುದನ್ನು ಹಿಡಿಯುತ್ತಾರೆ ಎಂದು ಊಹಿಸುವಷ್ಟು ಪಳಗಿದ ಮೇಲೆ ಕ್ವೀನ್‌ಡೊಮಿನೊ ತನ್ನಿ. ಆಗ ಅದರ ನೈಟ್, ಅದರ ಪಟ್ಟಣ ಎಲ್ಲ ರುಚಿಸುತ್ತವೆ. ನೇರವಾಗಿ ಅದರಿಂದಲೇ ಶುರು ಮಾಡಿದ ಮನೆಗಳಲ್ಲಿ ಪೆಟ್ಟಿಗೆ ಅಟ್ಟ ಸೇರಿದ್ದನ್ನು ನೋಡಿದ್ದೇನೆ. ಆಗಲೇ ದೊಡ್ಡ ದೊಡ್ಡ ಆಟಗಳನ್ನು ಆಡುವ ಗೆಳೆಯರ ಗುಂಪಾಗಿದ್ದರೆ ಮಾತು ಬೇರೆ, ಅವರಿಗೆ ಮೊದಲನೆಯದು ತೆಳು ಅನಿಸಬಹುದು.

ಎರಡೂ ಇದ್ದರೆ ಕೂಡಿಸಿಯೂ ಆಡಬಹುದು. ನಾಲ್ವರಾದರೆ ತಲಾ 7×7, 5×5 ಸಾಕೆಂದರೆ ಆರು ಜನರವರೆಗೆ. ದಸರಾ ರಜೆಗೆ ನೆಂಟರು ಬಂದಾಗ ನಾವು ಹೀಗೆ ಆಡುತ್ತೇವೆ. ಡೈನಿಂಗ್ ಟೇಬಲ್ ಸಾಲದೆ ನೆಲಕ್ಕೆ ಚಾಪೆ ಹಾಸಬೇಕಾಗುತ್ತದೆ. ಆಮೇಲೆ ಒಟ್ಟು 96 ಬಿಲ್ಲೆಗಳನ್ನು ವಿಂಗಡಿಸಿ ಅವುಗಳ ಪೆಟ್ಟಿಗೆಗೇ ಸೇರಿಸುವ ಕೆಲಸ ಇರುತ್ತದೆ. ನಮ್ಮಲ್ಲಿ ಅದು ಕಡೆಯ ಸ್ಥಾನ ಬಂದವರ ಪಾಲು.